ಸೈನ್ಯದ ಶಂಟಿಂಗ್ ಇಂಜಿನ್ನಿನ ಜಾತಕ ಬರೆಯುವುದು ಹೇಗೆ

ನಾಲ್ಕು ವರ್ಷದ ಹಿಂದೆ, ಒಂದು ಭಾನುವಾರ, ನಲವತ್ತು ಜನರ ಮುಂದೆ ನಿಂತು ನಾನು ಸುಳ್ಳು ಹೇಳಿದೆ. ಬೇಕಂತ ಅಲ್ಲ. ನಾನಿರುವುದು ಇಂಗ್ಲೆಂಡಿನ ಲೀಡ್ಸಿನಲ್ಲಿ. ಶನಿವಾರ ಭಾನುವಾರ ಇಲ್ಲಿನ ಒಂದು ಹಳೆಯ ರೈಲು ಮಾರ್ಗದಲ್ಲಿ ಸಂಬಳವಿಲ್ಲದ ಕೆಲಸ. ಎಣ್ಣೆ ಒರೆಸುವುದು, ಬೂದಿ ಎತ್ತುವುದು, ಬಂದವರಿಗೆ ಕತೆ ಹೇಳುವುದು. ಅವತ್ತು ಶೆಡ್ಡಿನಲ್ಲಿ ನಿಂತಿದ್ದ ಒಂದು ಕಪ್ಪು ಇಂಜಿನ್ ತೋರಿಸಿ, "ಇದು ಯುದ್ಧ ಮುಗಿದ ಮೇಲೆ ಎಲ್‌ಎನ್‌ಇಆರ್ ರೈಲ್ವೆಯಲ್ಲಿ ಶಂಟಿಂಗ್ ಮಾಡುತ್ತಿತ್ತು, ನಂಬರ್ ನೋಡಿ" ಅಂದೆ. ಬಂಕರ್, ಅಂದರೆ ಹಿಂದಿನ ಕಲ್ಲಿದ್ದಲು ಪೆಟ್ಟಿಗೆ, ಅದರ ಮೇಲೆ ದೊಡ್ಡದಾಗಿ 68ರಿಂದ ಶುರುವಾಗುವ ಐದಂಕಿ ನಂಬರ್ ಬರೆದಿತ್ತಲ್ಲ, ಇನ್ನೇನು ಸಾಕ್ಷಿ ಬೇಕು?

ಹಿಂದೆ ನಿಂತಿದ್ದ ಒಬ್ಬ ಅಜ್ಜ ಮೆಲ್ಲಗೆ ನಕ್ಕರು. ಎಲ್ಲರೂ ಹೋದ ಮೇಲೆ ಹತ್ತಿರ ಬಂದು, "ಲವ್, ಅದು ಬರೀ ಪೇಂಟು" ಅಂದರು. ಯಾರ್ಕ್‌ಷೈರಿನಲ್ಲಿ ಗುರುತಿಲ್ಲದವರನ್ನೂ ಲವ್ ಅಂತಲೇ ಕರೆಯುತ್ತಾರೆ, ನಮ್ಮ ಕಡೆ ಹಿರಿಯರು ಯಾರನ್ನಾದರೂ "ಮಗಾ" ಅಂದ ಹಾಗೆ. ಆ ಇಂಜಿನ್ ಎಲ್‌ಎನ್‌ಇಆರ್ ಮುಖವನ್ನೇ ನೋಡಿರಲಿಲ್ಲ. ಕಲ್ಲಿದ್ದಲು ಗಣಿಯಿಂದ ತಂದು, ಚೆನ್ನಾಗಿ ಕಾಣಲಿ ಅಂತ ಯಾರೋ ಆ ನಂಬರ್ ಹಾಕಿದ್ದರು.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅಪ್ಪ ಅರಸೀಕೆರೆ ಯಾರ್ಡಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವರು, ಮೀಟರ್ ಗೇಜ್ ಕಾಲದಲ್ಲಿ. ಅವರು ಕೇಳಿದ್ದು ಒಂದೇ: "ಹಂಗಾದ್ರೆ ಆಯುಧಪೂಜೆ ದಿನ ಯಾವ ಹೆಸರಲ್ಲಿ ಅರ್ಚನೆ ಮಾಡಿಸ್ತೀರಾ ಮಗಾ?"

ತಮಾಷೆಗೆ ಕೇಳಿದ್ದು. ಆದರೆ ನನಗೆ ಅದು ಹುಳದ ಹಾಗೆ ತಲೆಯಲ್ಲಿ ಕೂತಿತು. ಅಲ್ಲಿಂದ ಇಲ್ಲಿಯವರೆಗೆ ಇದೇ ಹುಚ್ಚು. ಒಂದು ಸೈನ್ಯದ ಶಂಟಿಂಗ್ ಇಂಜಿನ್ ನಿಮ್ಮೆದುರು ನಿಂತಿದ್ದರೆ ಅದರ ನಿಜವಾದ ಚರಿತ್ರೆ ಹುಡುಕುವುದು ಹೇಗೆ ಅಂತ ನನಗೆ ತಿಳಿದಷ್ಟು ಬರೆಯುತ್ತೇನೆ. ಉದಾಹರಣೆಗೆ ತೆಗೆದುಕೊಳ್ಳುವುದು ನನಗೆ ಚೆನ್ನಾಗಿ ಗೊತ್ತಿರುವ ಒಂದೇ ಜಾತಿ: ಹನ್ಸ್‌ಲೆಟ್ ಆಸ್ಟೆರಿಟಿ, ಲೀಡ್ಸಿನ ಹನ್ಸ್‌ಲೆಟ್ ಕಂಪನಿ ಬ್ರಿಟಿಷ್ ಸೈನ್ಯಕ್ಕೆ ರೂಪಿಸಿದ ಉಗಿ ಇಂಜಿನ್. ದಾರಿ ಬೇರೆ ಇಂಜಿನ್ನುಗಳಿಗೂ ಹೆಚ್ಚುಕಮ್ಮಿ ಇದೇ.

ಮೊದಲು ಜಾತಿ ಗುರುತಿಸಿ

ಶಂಟಿಂಗ್ ಅಂದರೆ ಗೊತ್ತಲ್ಲ, ಯಾರ್ಡಿನಲ್ಲಿ ವ್ಯಾಗನ್ನುಗಳನ್ನು ಎಳೆದು, ತಳ್ಳಿ, ಬೇಕಾದ ಸಾಲಿಗೆ ಜೋಡಿಸುವುದು. ಅಮೆರಿಕದವರು ಇದನ್ನೇ ಸ್ವಿಚಿಂಗ್ ಅನ್ನುತ್ತಾರೆ. ಈ ಕೆಲಸಕ್ಕೆ ವೇಗ ಬೇಡ, ಬಲ ಬೇಕು. ಹಿಂದಕ್ಕೂ ಮುಂದಕ್ಕೂ ಒಂದೇ ಥರ ಓಡಬೇಕು. ತಿರುವು ಜಾಸ್ತಿ ಇರುವ ಸೈಡಿಂಗಿನಲ್ಲಿ ನುಗ್ಗಬೇಕು.

ಆಸ್ಟೆರಿಟಿಯನ್ನು ದೂರದಿಂದಲೇ ಹಿಡಿಯಬಹುದು. ಆರೇ ಚಕ್ರ, ಒಂದು ಪಕ್ಕಕ್ಕೆ ಮೂರು, ಮೂರನ್ನೂ ಉಕ್ಕಿನ ರಾಡು ಜೋಡಿಸಿರುತ್ತದೆ. ಮುಂದೆ ಹಿಂದೆ ಸಣ್ಣ ಚಕ್ರ ಯಾವುದೂ ಇಲ್ಲ. ನೀರಿನ ತೊಟ್ಟಿ ಬಾಯ್ಲರಿನ ಮೇಲೆ ಕುದುರೆಗೆ ಜೀನು ಹಾಕಿದ ಹಾಗೆ ಕೂತಿರುತ್ತದೆ. ಚಿಮಣಿಯೂ ಡೋಮೂ ಆ ತೊಟ್ಟಿಯನ್ನು ತೂರಿಕೊಂಡು ಮೇಲೆ ಬರುತ್ತವೆ. ಸಿಲಿಂಡರ್ ಹೊರಗೆ ಕಾಣುವುದಿಲ್ಲ, ಎರಡೂ ಫ್ರೇಮಿನ, ಅಂದರೆ ಇಡೀ ಇಂಜಿನ್ ಹೊತ್ತ ಉಕ್ಕಿನ ಚೌಕಟ್ಟಿನ, ಒಳಗಡೆ ಇವೆ. ಟೇಪ್ ಇದ್ದರೆ ಚಕ್ರ ಅಳೆಯಿರಿ. 4 ಅಡಿ 3 ಇಂಚು ಬರಬೇಕು. ಸವೆದ ಚಕ್ರವಾದರೆ ಸ್ವಲ್ಪ ಕಡಿಮೆ ಬರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಅದೇ ಕಾಲದ ಅಮೆರಿಕನ್ ಸೈನ್ಯದ ಶಂಟಿಂಗ್ ಇಂಜಿನ್ ಒಂದಿದೆ, ಎಸ್100 ಅಂತ. 1942ರಿಂದ 1944ರ ಒಳಗೆ 382 ಮಾಡಿದರು. ಅದಕ್ಕೂ ಆರೇ ಚಕ್ರ. ಆದರೆ ಸಿಲಿಂಡರ್ ಹೊರಗಿದೆ, ನೀರಿನ ತೊಟ್ಟಿ ಎರಡು ಪಕ್ಕದಲ್ಲಿದೆ. ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ಸದರ್ನ್ ರೈಲ್ವೆ ಅದರಲ್ಲಿ 15 ಕೊಂಡು, ಒಂದನ್ನು ಬಿಡಿಭಾಗಕ್ಕೆ ಇಟ್ಟುಕೊಂಡು, ಉಳಿದ 14ನ್ನು ಸೌತಾಂಪ್ಟನ್ ಬಂದರಿನಲ್ಲಿ ಓಡಿಸಿತು. ಒಮ್ಮೆ ಎರಡನ್ನೂ ನೋಡಿದರೆ ಸಾಕು, ಮತ್ತೆ ಗೊಂದಲ ಆಗುವುದಿಲ್ಲ. ಒಂದು ಯಾರ್ಕ್‌ಷೈರಿನ ಎಮ್ಮೆ, ಇನ್ನೊಂದು ಹೊರಗಿನಿಂದ ಬಂದ ಕುದುರೆ.

ಅದು ಯಾಕೆ ಹುಟ್ಟಿತು ಅಂತ ತಿಳಿದುಕೊಳ್ಳಿ

ಇದನ್ನು ಹಾರಿಸಬೇಡಿ. ಯಾಕೆ ಹುಟ್ಟಿತು ಅಂತ ಗೊತ್ತಿದ್ದರೆ ಮೈಮೇಲಿನ ಅರ್ಧ ಗುರುತುಗಳು ತಾವಾಗಿ ಅರ್ಥವಾಗುತ್ತವೆ.

ಎರಡನೇ ಮಹಾಯುದ್ಧದ ನಡುವೆ ಬ್ರಿಟಿಷ್ ಸೈನ್ಯಕ್ಕೆ ಶಂಟಿಂಗ್ ಇಂಜಿನ್ನುಗಳು ಬೇಕಾದವು, ಅದೂ ನೂರಾರು. ಯುರೋಪಿಗೆ ಸೈನ್ಯ ಇಳಿಸಿದ ಮೇಲೆ ಬಂದರುಗಳಲ್ಲಿ, ಮದ್ದುಗುಂಡಿನ ಡಿಪೋಗಳಲ್ಲಿ ವ್ಯಾಗನ್ ತಳ್ಳುವವರು ಯಾರು? ಸೈನ್ಯದ ಇಂಜಿನ್ ವಿಚಾರ ನೋಡಿಕೊಳ್ಳುತ್ತಿದ್ದವರು ಆರ್. ಎ. ರಿಡಲ್ಸ್, ಎಲ್‌ಎಂಎಸ್ ರೈಲ್ವೆಯಿಂದ ಬಂದವರು. ಎಲ್‌ಎಂಎಸ್‌ನ ಜಿಂಟಿ ಅನ್ನುವ ಇಂಜಿನ್ನನ್ನೇ ಇನ್ನಷ್ಟು ಮಾಡಿಸಿದರಾಯಿತು ಅನ್ನುವ ಆಲೋಚನೆ ಮೊದಲಿಗೆ ಇತ್ತು. ಹನ್ಸ್‌ಲೆಟ್ ಕಂಪನಿಯವರು ಬೇರೆ ಮಾತು ಹೇಳಿದರು: ಕಾರ್ಖಾನೆಗಳಿಗೆ ನಾವು ಮಾಡಿಕೊಡುವ ಸ್ಯಾಡಲ್ ಟ್ಯಾಂಕ್ ಇಂಜಿನ್ ಇದೆ, ಅದನ್ನೇ ಇನ್ನೂ ಸರಳ ಮಾಡಿ ಬೇಗ ಕೊಡುತ್ತೇವೆ. ಮಾತು ಗೆದ್ದಿತು. 1943ರ ಶುರುವಿನಲ್ಲೇ ಮೊದಲನೆಯದು ಹೊರಬಂತು.

ಆಸ್ಟೆರಿಟಿ ಅಂದರೆ ಬಿಗಿ ಕೈಯ ಸಂಸಾರ. ದುಬಾರಿ ಉಕ್ಕಿನ ಎರಕ ಬೇಡ, ಎರಕದ ಕಬ್ಬಿಣ ಸಾಕು. ಬೆಸುಗೆ ಹಾಕಿದ ಭಾಗ ನಡೆಯುತ್ತದೆ. ಅಲಂಕಾರ ಬೇಡವೇ ಬೇಡ. ಸೈನ್ಯ ಕೇಳಿದ್ದು ಎರಡು ವರ್ಷದ ಗಟ್ಟಿ ದುಡಿಮೆ, ಅಷ್ಟೇ. ಆದರೆ ಕೆಲಸದಲ್ಲಿ ರಿಯಾಯಿತಿ ಇಲ್ಲ: ಸಮತಟ್ಟಾದ ಹಳಿಯಲ್ಲಿ 1,100 ಟನ್ ಗಾಡಿಯನ್ನು ನಿಂತಲ್ಲಿಂದ ಎಳೆಯಬೇಕು. ನೂರಕ್ಕೆ ಒಂದು ಏರಿನಲ್ಲಿ 550 ಟನ್. ಇಂಜಿನ್ನಿನ ಸ್ವಂತ ತೂಕ 48 ಟನ್ ಚಿಲ್ಲರೆ. ಸಿಲಿಂಡರ್ 18 ಇಂಚು ಅಗಲ, ಒಳಗೆ ಪಿಸ್ಟನ್ನಿನ ಓಟ 26 ಇಂಚು. ಉಗಿಯ ಒತ್ತಡ ಚದರ ಇಂಚಿಗೆ 170 ಪೌಂಡ್. ನೀರು 1,200 ಗ್ಯಾಲನ್.

ಎರಡು ವರ್ಷಕ್ಕೆ ಅಂತ ಮಾಡಿದ್ದು 1980ರ ದಶಕದಲ್ಲೂ ಕೆಲವು ಗಣಿಗಳಲ್ಲಿ ಕಲ್ಲಿದ್ದಲು ಎಳೆಯುತ್ತಿತ್ತು. ಎಂಥ ಮೊಂಡು ಪ್ರಾಣಿ!

ಸೈನ್ಯಕ್ಕೆ 1947ರವರೆಗೆ ಒಟ್ಟು 377 ಕೊಟ್ಟರು. ಎಲ್ಲವನ್ನೂ ಹನ್ಸ್‌ಲೆಟ್ ಒಂದೇ ಮಾಡಲಿಲ್ಲ. ಇಲ್ಲೇ ಚರಿತ್ರೆ ಹುಡುಕುವವರು ಎಡವುವುದು. ಲೀಡ್ಸಿನ ಹಡ್ಸ್‌ವೆಲ್ ಕ್ಲಾರ್ಕ್, ಕಿಲ್ಮಾರ್ನಾಕ್‌ನ ಆಂಡ್ರೂ ಬಾರ್ಕ್ಲೆ, ಸ್ಟ್ಯಾಫರ್ಡಿನ ಬ್ಯಾಗ್ನಲ್, ನ್ಯೂಕ್ಯಾಸಲ್ಲಿನ ರಾಬರ್ಟ್ ಸ್ಟೀಫನ್ಸನ್ ಅಂಡ್ ಹಾಥಾರ್ನ್ಸ್, ಲ್ಯಾಂಕಷೈರಿನ ವಲ್ಕನ್ ಫೌಂಡ್ರಿ ಇವರೂ ಅದೇ ನಕ್ಷೆಯಿಂದ ಮಾಡಿದರು. ಹಾಗಾಗಿ "ಹನ್ಸ್‌ಲೆಟ್ ಆಸ್ಟೆರಿಟಿ" ಅಂತ ಬೋರ್ಡ್ ಇದ್ದ ಮಾತ್ರಕ್ಕೆ ಅದು ಹನ್ಸ್‌ಲೆಟ್ಟಿನಲ್ಲೇ ಹುಟ್ಟಿದ್ದು ಅನ್ನಬೇಡಿ. ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲಿ ಇಎಸ್ 506 ಅನ್ನುವ ಇಂಜಿನ್ ನೋಡಿದ್ದೀರಲ್ಲ, ಅದನ್ನು ಮಾಡಿದವರು ಇದೇ ಬ್ಯಾಗ್ನಲ್. ಇಲ್ಲಿ ಮೊದಲ ಸಲ ಬ್ಯಾಗ್ನಲ್ ಹೆಸರು ಕೇಳಿದಾಗ ನನಗೆ ಊರಿನವರು ಸಿಕ್ಕಷ್ಟು ಖುಷಿಯಾಗಿತ್ತು.

ಪೇಂಟ್ ನಂಬಬೇಡಿ, ಲೋಹವನ್ನು ಕೇಳಿ

ಈಗ ಕೈಕೆಲಸ. ಒಂದು ಸಣ್ಣ ಟಾರ್ಚ್, ಹಳೆಯ ಬನಿಯನ್ ಬಟ್ಟೆ, ಸ್ವಲ್ಪ ಸೀಮೆಎಣ್ಣೆ, ತೆಳು ಕಾಗದ, ಮೆತ್ತನೆಯ ಪೆನ್ಸಿಲ್ ಇಟ್ಟುಕೊಳ್ಳಿ. ಅದಕ್ಕಿಂತ ಮೊದಲು ಶೆಡ್ಡಿನ ಜವಾಬ್ದಾರಿ ಇರುವವರನ್ನು ಕೇಳಿ. ಇಂಜಿನ್ ತಣ್ಣಗಿರಬೇಕು, ಚಕ್ರಕ್ಕೆ ಅಡ್ಡ ಮರ ಕೊಟ್ಟಿರಬೇಕು, "ಕದಲಿಸಬೇಡಿ" ಬೋರ್ಡ್ ತೂಗು ಹಾಕಿರಬೇಕು. ಅಪ್ಪನ ಯಾರ್ಡಿನಲ್ಲಿ ಎರಡು ಬಫರ್ ನಡುವೆ ಸಿಕ್ಕಿಕೊಂಡವರ ಕತೆ ಕೇಳುತ್ತಾ ಬೆಳೆದವಳು ನಾನು. ಈ ಒಂದು ವಿಷಯದಲ್ಲಿ ಸಲಿಗೆ ಇಲ್ಲ.

ಮೊದಲು ಕ್ಯಾಬ್ ಪಕ್ಕದ ಫಲಕ ನೋಡಿ. ತಯಾರಕರ ಹೆಸರು, ಕಾರ್ಖಾನೆ ನಂಬರ್, ವರ್ಷ ಅದರಲ್ಲಿರುತ್ತದೆ. ಕಾರ್ಖಾನೆ ನಂಬರ್ ಅಂದರೆ ಆ ಕಂಪನಿ ಮಾಡಿದ ಎಷ್ಟನೇ ಇಂಜಿನ್ ಅನ್ನುವ ಲೆಕ್ಕ. ಯಜಮಾನರು ಬದಲಾದರೂ ಇದು ಬದಲಾಗುವುದಿಲ್ಲ. ಹಾಗಂತ ಫಲಕ ಸಿಕ್ಕಿತು, ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಫಲಕವನ್ನು ನಾಲ್ಕು ಬೋಲ್ಟ್ ಬಿಚ್ಚಿ ತೆಗೆಯಬಹುದು. ಹಿತ್ತಾಳೆಯದಾದರೆ ಕದಿಯುವವರಿದ್ದಾರೆ, ಹರಾಜಿಗೆ ಇಡುವವರಿದ್ದಾರೆ, ನಕಲಿ ಎರಕ ಹೊಯ್ಯಿಸಿ ಹಾಕುವವರೂ ಇದ್ದಾರೆ. ಬೋಲ್ಟಿನ ತೂತು ಹಳೆಯದೇ, ಪೇಂಟಿನ ಪದರ ಫಲಕದ ಅಂಚಿನವರೆಗೆ ಒಂದೇ ಥರ ಇದೆಯೇ ಅಂತ ನೋಡಿಕೊಳ್ಳಿ.

ನಿಜವಾದ ಸಾಕ್ಷಿ ಇರುವುದು ಕೆಳಗೆ, ಜಿಡ್ಡಿನ ಅಡಿಯಲ್ಲಿ. ಇಂಜಿನ್ ಮಾಡುವಾಗ ರಾಡುಗಳ ಮೇಲೆ, ಒಳಗೆ ಸಿಲಿಂಡರಿಗೆ ಉಗಿ ಬಿಡುವ ವಾಲ್ವ್ ಗೇರಿನ ತುಂಡುಗಳ ಮೇಲೆ ಯಾವ ಇಂಜಿನ್ನಿಗೆ ಸೇರಿದ್ದು ಅಂತ ಅಂಕಿಯ ಪಂಚಿನಿಂದ ನಂಬರ್ ಹೊಡೆಯುತ್ತಿದ್ದರು. ಬಿಚ್ಚಿದ ಭಾಗ ಮತ್ತೆ ಅದೇ ಇಂಜಿನ್ನಿಗೆ ಹೋಗಬೇಕಲ್ಲ, ಅದಕ್ಕೆ. ಪೇಂಟ್ ಮೇಲೆ ಪೇಂಟ್ ಬಿದ್ದು ಕಣ್ಣಿಗೆ ಕಾಣುವುದಿಲ್ಲ. ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ನಿಧಾನ ಒರೆಸಿ. ತಂತಿ ಬ್ರಷ್ ಹಾಕಿ ತಿಕ್ಕಬೇಡಿ, ಅಂಕಿಯೇ ಅಳಿಸಿಹೋಗುತ್ತದೆ. ಟಾರ್ಚನ್ನು ನೇರ ಹಿಡಿಯಬೇಡಿ, ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಸಂಜೆ ಬಿಸಿಲಿನಲ್ಲಿ ಕಲ್ಲಿನ ಶಾಸನ ಓದುವುದು ಸುಲಭ ಅನ್ನುತ್ತಾರಲ್ಲ, ಅದೇ ಉಪಾಯ. ನೆರಳು ಬಿದ್ದ ಕೂಡಲೇ ಅಂಕಿ ಎದ್ದು ಬರುತ್ತದೆ. ಆಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಚಿಕ್ಕವರಿದ್ದಾಗ ನಾಲ್ಕಾಣೆ ಮೇಲೆ ಕಾಗದ ಇಟ್ಟು ಉಜ್ಜುತ್ತಿದ್ದೆವಲ್ಲ, ಹಾಗೇ. ಫೋಟೋದಲ್ಲಿ 3 ಮತ್ತು 8 ಒಂದೇ ಥರ ಕಾಣಬಹುದು. ಉಜ್ಜಿದ ಕಾಗದದಲ್ಲಿ ಮೋಸ ಕಡಿಮೆ.

ನಾನು ಸುಳ್ಳು ಹೇಳಿದ ಅದೇ ಇಂಜಿನ್ನಿನ ಕೆಳಗೆ ಒಂದು ಶನಿವಾರ ಪೂರ್ತಿ ಕೂತೆ. ಎಡಗಡೆ ರಾಡಿನಲ್ಲಿ ಒಂದು ನಂಬರ್ ಎದ್ದು ಬಂತು, ಕೊನೆಯ ಅಂಕಿ ಎಂಟು. ಕುಣಿದಾಡುವಷ್ಟು ಸಂತೋಷ. ಟೀ ಕುಡಿದು ಬಂದು ಬಲಗಡೆ ಉಜ್ಜಿದೆ. ಅಲ್ಲಿ ಬಂದದ್ದು ಬೇರೆಯೇ ನಂಬರ್! ಕೊನೆಗೆ ಮೂರು. ಎರಡು ಸಲ ಉಜ್ಜಿದೆ, ಮೂರನೇ ಸಲವೂ ಉಜ್ಜಿದೆ. ಮೂರೇ.

ಗಣಿಗಳಲ್ಲಿ ಇದು ಮಾಮೂಲಿ. ಒಂದು ವರ್ಕ್‌ಶಾಪಿಗೆ ನಾಲ್ಕೈದು ಆಸ್ಟೆರಿಟಿ ರಿಪೇರಿಗೆ ಬರುತ್ತಿದ್ದವು. ಯಾವುದಕ್ಕೆ ಅರ್ಜೆಂಟೋ ಅದಕ್ಕೆ ಸಿಕ್ಕ ಭಾಗ ಹಾಕಿ ಕಳಿಸುತ್ತಿದ್ದರು. ಬಾಯ್ಲರ್ ಕೂಡ ಅದಲು ಬದಲು. ಬಾಯ್ಲರಿಗೆ ಅದರದ್ದೇ ಬೇರೆ ನಂಬರ್ ಇರುತ್ತದೆ, ಅದನ್ನು ಇಂಜಿನ್ನಿನ ನಂಬರ್ ಅಂದುಕೊಂಡು ಎಷ್ಟೋ ಜನ ದಾರಿ ತಪ್ಪಿದ್ದಾರೆ. ಹಾಗಾದರೆ ಇಂಜಿನ್ ಅಂದರೆ ಯಾವುದು? ರೂಢಿಯಲ್ಲಿ ಫ್ರೇಮನ್ನೇ ಇಂಜಿನ್ ಅನ್ನುತ್ತಾರೆ. ಉಳಿದದ್ದೆಲ್ಲ ಬಟ್ಟೆ ಬದಲಾಯಿಸಿದ ಹಾಗೆ. ಆದ್ದರಿಂದ ಒಂದು ರಾಡಿನ ನಂಬರಿಗೆ ಒಂದು ಮಾರ್ಕ್ ಕೊಡಿ, ಫ್ರೇಮಿನ ನಂಬರಿಗೆ ಹತ್ತು ಮಾರ್ಕ್ ಕೊಡಿ.

ನಂಬರಿನ ಲೆಕ್ಕ

ಇದು ನನಗೆ ಇಷ್ಟದ ಭಾಗ. ಸ್ವಲ್ಪ ಕೂಡು ಕಳೆ ಬರುತ್ತದೆ, ಹೆದರಬೇಡಿ.

ಹನ್ಸ್‌ಲೆಟ್ ಮೊದಲು ಮಾಡಿದ 50 ಆಸ್ಟೆರಿಟಿಗಳ ಕಾರ್ಖಾನೆ ನಂಬರ್ 2849ರಿಂದ ಶುರು. ಸೈನ್ಯ ಅದಕ್ಕೆ ಕೊಟ್ಟ ನಂಬರ್ 5000. ಅಲ್ಲಿಂದ ಎರಡೂ ಕೈಕೈ ಹಿಡಿದು ನಡೆಯುತ್ತವೆ. ಅಂದರೆ ಈ ಸಾಲಿನಲ್ಲಿ ಕಾರ್ಖಾನೆ ನಂಬರಿಗೆ 2151 ಕೂಡಿಸಿದರೆ ಸೈನ್ಯದ ನಂಬರ್ ಸಿಗುತ್ತದೆ. ಒಂದು ನಿಜ ಇಂಜಿನ್ ತೆಗೆದುಕೊಳ್ಳೋಣ. ಕಾರ್ಖಾನೆ ನಂಬರ್ 2890, ವರ್ಷ 1943. ಕೂಡಿಸಿ: 5041. ಯುದ್ಧ ನಡೆಯುವಾಗಲೇ ಸೈನ್ಯ ಹಳೆಯ ನಂಬರಿಗೆ 70000 ಸೇರಿಸಿತು, ಅದು 75041 ಆಯಿತು. ಮುಂದೆ ಹನ್ಸ್‌ಲೆಟ್ ಕಂಪನಿಯೇ ಅದನ್ನು ವಾಪಸ್ ಕೊಂಡು, ಪೂರ್ತಿ ರಿಪೇರಿ ಮಾಡಿ, 1962ರಲ್ಲಿ 3882 ಅಂತ ಹೊಸ ಕಾರ್ಖಾನೆ ನಂಬರ್ ಹಾಕಿತು. ಒಂದೇ ಇಂಜಿನ್, ನಾಲ್ಕು ನಂಬರ್. ಫಲಕದಲ್ಲಿ 1962 ಅಂತ ನೋಡಿ "ಇದು ಯುದ್ಧ ಮುಗಿದ ಮೇಲಿನದು" ಅಂದರೆ ಸಿಕ್ಕಿಬಿದ್ದಿರಿ. ಕಾರ್ಖಾನೆ ನಂಬರ್ ಬದಲಾಗುವುದಿಲ್ಲ ಅಂತ ಆಗಲೇ ಹೇಳಿದೆ ಅಲ್ವಾ? ಇದೇ ಅದಕ್ಕೆ ಅಪವಾದ. 1960ರ ಆಸುಪಾಸಿನ ವರ್ಷ ಇರುವ ಹನ್ಸ್‌ಲೆಟ್ ಫಲಕ ಕಂಡರೆ ಯಾವಾಗಲೂ ಒಂದು ಅನುಮಾನ ಇಟ್ಟುಕೊಳ್ಳಿ.

ಯುದ್ಧ ಮುಗಿದ ಮೇಲೆ ಸೈನ್ಯ 90 ಇಂಜಿನ್ ತನ್ನ ಹತ್ತಿರವೇ ಉಳಿಸಿಕೊಂಡಿತು. 1952ರ ಸುಮಾರಿಗೆ ಅವಕ್ಕೆ 100ರಿಂದ 189ರವರೆಗೆ ಮೂರಂಕಿ ನಂಬರ್ ಕೊಟ್ಟರು. ಸಾಲದ್ದಕ್ಕೆ 1952-53ರಲ್ಲಿ ಇನ್ನೂ 14 ಹೊಸದು ಮಾಡಿಸಿದರು, ಅವು 190ರಿಂದ 203. ಈ ಹದಿನಾಲ್ಕರಲ್ಲಿ ಲೆಕ್ಕ ಇನ್ನೂ ಸುಲಭ. ಕಾರ್ಖಾನೆ ನಂಬರಿನಿಂದ 3600 ಕಳೆಯಿರಿ. 3792 ಅಂದರೆ 192, ಅದರ ಹೆಸರು ವ್ಯಾಗನರ್. 3796 ಅಂದರೆ 196, ಎರಲ್ ಲಾನ್ಸ್‌ಡೇಲ್. 3798 ಅಂದರೆ 198, ರಾಯಲ್ ಎಂಜಿನಿಯರ್. ಆಮೇಲೆ ಮತ್ತೊಮ್ಮೆ ನಂಬರ್ ಬದಲಿಸಿದಾಗ 198 ಹೋಗಿ ಬರೀ 98 ಆಯಿತು, 192 ಹೋಗಿ 92. ಬ್ರಿಟಿಷ್ ಸೈನ್ಯದ ಕೊನೆಯ ಉಗಿ ಇಂಜಿನ್ನುಗಳಲ್ಲಿ ಈ ರಾಯಲ್ ಎಂಜಿನಿಯರ್ ಒಂದು. ಈಗ ಐಲ್ ಆಫ್ ವೈಟ್ ದ್ವೀಪದ ಉಗಿ ರೈಲ್ವೆಯಲ್ಲಿದೆ, ವ್ಯಾಗನರ್ ಕೂಡ ಅಲ್ಲೇ. ಹೆಸರು ಇಟ್ಟದ್ದು ಸೈನ್ಯವೇ ಆದರೆ ನಿಮಗೆ ಅದೃಷ್ಟ, ಹುಡುಕಾಟ ಅರ್ಧ ಮುಗಿದ ಹಾಗೆ. ಗಣಿಯವರು ಇಟ್ಟ ಹೆಸರನ್ನು ಮಾತ್ರ ಅಷ್ಟಾಗಿ ನಂಬಬೇಡಿ, ಒಂದರ ಹೆಸರನ್ನು ಇನ್ನೊಂದಕ್ಕೆ ಹಾಕಿದ್ದುಂಟು.

ಈಗ ನನ್ನ ಮಾನ ಕಳೆದ 68ರ ನಂಬರುಗಳು. 1946ರಲ್ಲಿ ಎಲ್‌ಎನ್‌ಇಆರ್ ರೈಲ್ವೆ ಸೈನ್ಯದಿಂದ 75 ಆಸ್ಟೆರಿಟಿ ಕೊಂಡಿತು. ಅದನ್ನು ಜೆ94 ವರ್ಗ ಅಂತ ಕರೆದರು. ನಂಬರ್ 8006ರಿಂದ 8080. 1948ರಲ್ಲಿ ರೈಲ್ವೆಗಳು ಸರ್ಕಾರದ ಕೈಗೆ ಬಂದಾಗ 60000 ಸೇರಿಸಿದರು: 68006ರಿಂದ 68080. ಹಾಗಾಗಿ ಒಂದು ಆಸ್ಟೆರಿಟಿ ಮೇಲೆ 68005 ಅಂತ ಇದ್ದರೆ ಯೋಚಿಸುವುದೇ ಬೇಡ, ಅದು ಸುಳ್ಳು. ಸಾಲಿನ ಒಳಗಿನ ನಂಬರ್ ಇದ್ದರೂ ಹಿಗ್ಗಬೇಡಿ. ನಿಜವಾದ ಜೆ94ಗಳಲ್ಲಿ ಇವತ್ತು ಉಳಿದಿರುವುದು ಎರಡೇ, 68077 ಮತ್ತು 68078. ಬೇರೆ ಯಾವ ಜೆ94 ನಂಬರ್ ಕಂಡರೂ ವೇಷ ಅಂತ ತಿಳಿಯಿರಿ. ಆಸ್ಟೆರಿಟಿಗಳು ಸುಮಾರು 70 ಉಳಿದಿವೆ, ಅವುಗಳಲ್ಲಿ ವೇಷ ಹಾಕಿದ್ದು ಕಡಿಮೆ ಏನಿಲ್ಲ. ಒಂದಕ್ಕಂತೂ ಪಕ್ಕದ ತೊಟ್ಟಿ ಕಟ್ಟಿ, ನೀಲಿ ಬಳಿದು, ಮಕ್ಕಳ ಕತೆಯ ಇಂಜಿನ್ ಮಾಡಿಬಿಟ್ಟಿದ್ದರು. ಮಕ್ಕಳು ಖುಷಿಪಟ್ಟರೆ ನನ್ನದೇನೂ ತಕರಾರಿಲ್ಲ.

ಫೋಟೋ, ಕಾಗದ, ಅಜ್ಜಂದಿರು

ಹಳೆಯ ಫೋಟೋ ಸಿಕ್ಕರೆ ಮೊದಲು ಹಿಂಬದಿ ತಿರುಗಿಸಿ, ಯಾರಾದರೂ ತಾರೀಖು ಬರೆದಿರುತ್ತಾರೆ. ಬರೆದಿಲ್ಲದಿದ್ದರೆ ಚಿಮಣಿ ನೋಡಿ. ಶಂಕುವಿನ ಥರದ ಚಿಮಣಿ ಇದ್ದರೆ, 1960ರ ದಶಕದಲ್ಲಿ ಹೊಗೆ ಕಡಿಮೆ ಮಾಡಲು ಹನ್ಸ್‌ಲೆಟ್ ಹಾಕಿದ ಹೊಸ ಏರ್ಪಾಡು ಅದು. ಕಲ್ಲಿದ್ದಲನ್ನು ಕೆಳಗಿನಿಂದ ತಳ್ಳುವ ಯಂತ್ರ ಒಳಗಿರುತ್ತಿತ್ತು. ಚಪ್ಪಟೆಯಾಗಿ ಉದ್ದಕ್ಕೆ ಇರುವ ಚಿಮಣಿಯಾದರೆ ಗೀಸಲ್ ಅನ್ನುವ ಆಸ್ಟ್ರಿಯಾದ ಎಂಜಿನಿಯರ್ ಮಾಡಿದ ಬಗೆ. ಬಂಕರ್ ಎತ್ತರಿಸಿ ಹಿಂದೆ ಏಣಿ ಇದ್ದರೆ ಅದು ಜೆ94 ಇರಬಹುದು, ಅವುಗಳಲ್ಲಿ ಕೆಲವಕ್ಕೆ ಹಾಗೆ ಮಾಡಿದ್ದರು. ಇಂಜಿನ್ನಿನ ಹಿಂದೆ ಏನಿದೆ ಅಂತಲೂ ನೋಡಿ. ಗಣಿಯ ಚಕ್ರಗೋಪುರವೋ, ಬಂದರಿನ ಕ್ರೇನೋ? ಇಂಜಿನ್ ವೇಷ ಬದಲಿಸುತ್ತದೆ, ಗೋಪುರ ಬದಲಿಸುವುದಿಲ್ಲ.

ಕಾಗದಪತ್ರಕ್ಕೆ ಯಾರ್ಕಿನ ನ್ಯಾಷನಲ್ ರೈಲ್ವೆ ಮ್ಯೂಸಿಯಂ ಇದೆ, ಲಂಡನ್ನಿನ ಕ್ಯೂನಲ್ಲಿ ನ್ಯಾಷನಲ್ ಆರ್ಕೈವ್ಸ್ ಇದೆ. ಹೋಗುವ ಮೊದಲು ಬರೆದು ಕೇಳಿ, ಸುಮ್ನೆ ಹೋದರೆ ದಿನ ದಂಡ. ಗಣಿ, ಕಾರ್ಖಾನೆಗಳಲ್ಲಿ ಯಾವ ಇಂಜಿನ್ ಯಾವಾಗ ಎಲ್ಲಿತ್ತು ಅನ್ನುವುದನ್ನು ಇಂಡಸ್ಟ್ರಿಯಲ್ ರೈಲ್ವೆ ಸೊಸೈಟಿಯವರು ದಶಕಗಳಿಂದ ಜಿಲ್ಲೆ ಜಿಲ್ಲೆಯ ಲೆಕ್ಕದಲ್ಲಿ ಪಟ್ಟಿ ಮಾಡಿ ಅಚ್ಚು ಹಾಕಿದ್ದಾರೆ. ಆಸ್ಟೆರಿಟಿಗಳಿಗೆ ಇದು ಮುಖ್ಯ. ಯಾಕೆಂದರೆ ಸೈನ್ಯ ಮಾರಿದ್ದರಲ್ಲಿ ಬಹಳಷ್ಟು ಹೋದದ್ದು ಕಲ್ಲಿದ್ದಲು ಗಣಿಗಳಿಗೆ, ಅದೂ ಸಾಲದೆ ನ್ಯಾಷನಲ್ ಕೋಲ್ ಬೋರ್ಡ್ ತನಗೆ ಅಂತ ಹೊಸದನ್ನೂ ಮಾಡಿಸಿತು. ಕೊನೆಯದು ಹೊರಬಂದದ್ದು 1964ರಲ್ಲಿ. ಜಾಡು ಯುರೋಪಿಗೆ ಹೋಗಿ ನಿಂತರೂ ಗಾಬರಿ ಬೇಡ, ನೆದರ್ಲ್ಯಾಂಡ್ಸಿನ ರೈಲ್ವೆಯೇ 27 ಇಂಜಿನ್ ಕೊಂಡು 8800 ವರ್ಗ ಅಂತ ಓಡಿಸಿತ್ತು.

ಆದರೆ ಕಾಗದಕ್ಕಿಂತ ಮೊದಲು ಮನುಷ್ಯರ ಹತ್ತಿರ ಹೋಗಿ. ಕಾಗದ ಎಲ್ಲೂ ಓಡಿಹೋಗುವುದಿಲ್ಲ. ಗಣಿಯಲ್ಲಿ ಈ ಇಂಜಿನ್ ಓಡಿಸಿದವರಿಗೆ ಈಗ ಎಪ್ಪತ್ತು, ಎಂಬತ್ತು ವಯಸ್ಸು. ಅವರ ಹತ್ತಿರ "ಯಾವ ವರ್ಷ?" ಅಂತ ಕೇಳಬೇಡಿ. ಯಾರಿಗೂ ವರ್ಷ ನೆನಪಿರುವುದಿಲ್ಲ, ನಮ್ಮ ಅಜ್ಜಿಗೂ ಇರಲಿಲ್ಲ. ಅಜ್ಜಿಗೆ "ಕೆರೆ ಒಡೆದ ವರ್ಷ" ಅಂದರೆ ಗೊತ್ತಾಗುತ್ತಿತ್ತು. ಇಲ್ಲಿನವರಿಗೆ ಗಣಿ ಮುಷ್ಕರಗಳು ಹಾಗೆ. 1972, 1974, ಮತ್ತೆ 1984ರ ದೊಡ್ಡದು. "ಮುಷ್ಕರಕ್ಕೆ ಮೊದಲೋ ಆಮೇಲೋ?" ಅಂತ ಕೇಳಿ. "ಆಗ ಮಗಳು ಹುಟ್ಟಿದ್ದಳಾ?" ಅಂತ ಕೇಳಿ. ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ.

ನನ್ನನ್ನು ನೋಡಿ ನಕ್ಕಿದ್ದ ಆ ಅಜ್ಜ ಅಂಥವರೇ, ಬಾರ್ನ್ಸ್‌ಲಿ ಕಡೆಯ ಗಣಿಯಲ್ಲಿ ಡ್ರೈವರ್ ಆಗಿದ್ದವರು. ಒಂದು ದಿನ ಅವರನ್ನು ನಮ್ಮ ಇಂಜಿನ್ನಿನ ಕ್ಯಾಬಿಗೆ ಹತ್ತಿಸಿದೆ. ಹತ್ತಲು ಐದು ನಿಮಿಷ ಬೇಕಾಯಿತು. ಒಳಗೆ ಬಂದವರು ಏನನ್ನೂ ನೋಡಲಿಲ್ಲ. ಕಣ್ಣು ಮುಚ್ಚಿ ಎಡಗೈ ಚಾಚಿ, ಉಗಿ ಬಿಡುವ ರೆಗ್ಯುಲೇಟರ್ ಹಿಡಿಯನ್ನು ಸವರಿದರು. ಅದರ ತುದಿಯಲ್ಲಿ ಹಳೆಯ ಬೆಸುಗೆಯ ಒಂದು ಗಂಟು ಇದೆ, ನಾನು ನೂರು ಸಲ ಒರೆಸಿದ್ದೇನೆ, ಒಮ್ಮೆಯೂ ಗಮನಿಸಿರಲಿಲ್ಲ. "ಈ ಹಿಡಿ ನಂದು. ಇಂಜಿನ್ ನಂದಲ್ಲ" ಅಂದರು. ತಮ್ಮ ಇಂಜಿನ್ನಿನ ಹಿಡಿ ಮುರಿದಾಗ ಗಣಿಯ ಕಮ್ಮಾರ ಹಾಕಿದ ಬೆಸುಗೆಯಂತೆ. ಆ ಇಂಜಿನ್ ಗುಜರಿಗೆ ಹೋಯಿತು, ಹಿಡಿ ಮಾತ್ರ ಇಲ್ಲಿಗೆ ಬಂದಿದೆ. ನನ್ನ ಪುಸ್ತಕದಲ್ಲಿ ಆ ಸಾಲನ್ನು ಹಾಗೇ ಬರೆದುಕೊಂಡೆ, ಯಾರು ಹೇಳಿದ್ದು, ಯಾವ ತಾರೀಖು ಸಮೇತ.

ಪುಸ್ತಕ ಇಡುವ ರೀತಿ ಹೇಳಿಬಿಡುತ್ತೇನೆ. ಪುಟಕ್ಕೆ ಮೂರು ಕಾಲಂ ಹಾಕಿ. ಕಣ್ಣಾರೆ ಕಂಡದ್ದು ಮೊದಲನೆಯದರಲ್ಲಿ, ಕಾಗದದಲ್ಲಿ ಓದಿದ್ದು ಎರಡನೆಯದರಲ್ಲಿ, ಯಾರೋ ಹೇಳಿದ್ದು ಮೂರನೆಯದರಲ್ಲಿ. ಒಂದು ಕಾಲಂನಿಂದ ಇನ್ನೊಂದಕ್ಕೆ ಜಿಗಿಯಬೇಡಿ. ಮೂರೂ ಒಂದೇ ಮಾತು ಹೇಳಿದಾಗ ಮಾತ್ರ ಬೋರ್ಡಿನ ಮೇಲೆ ಬರೆಯಿರಿ. ನಾನು ಶುರುವಿನಲ್ಲಿ ಎಲ್ಲವನ್ನೂ ಒಂದೇ ಪುಟದಲ್ಲಿ ಗೀಚಿ, ಆಮೇಲೆ ಯಾವುದು ನೋಡಿದ್ದು ಯಾವುದು ಕೇಳಿದ್ದು ಅಂತ ತಿಳಿಯದೆ ಆರು ತಿಂಗಳ ಕೆಲಸ ಮತ್ತೆ ಮಾಡಿದ್ದೇನೆ.

ಎಷ್ಟು ಚೊಕ್ಕವಾಗಿ ಒಂದು ಇಂಜಿನ್ನಿನ ಕತೆ ಸಿಗಬಹುದು ಅಂತ ನೋಡಬೇಕಿದ್ದರೆ, ಕೀತ್ಲಿ ಅಂಡ್ ವರ್ತ್ ವ್ಯಾಲಿ ರೈಲ್ವೆಯ ಬ್ರಸೆಲ್ಸ್ ಅನ್ನುವ ಆಸ್ಟೆರಿಟಿ ಇದೆ. 1945ರಲ್ಲಿ ಲೀಡ್ಸಿನ ಹಡ್ಸ್‌ವೆಲ್ ಕ್ಲಾರ್ಕ್ ಮಾಡಿದ್ದು, ಕಾರ್ಖಾನೆ ನಂಬರ್ 1782, ಸೈನ್ಯದ ನಂಬರ್ 118. ಹ್ಯಾಂಪ್‌ಷೈರಿನ ಲಾಂಗ್‌ಮೂರ್ ಸೈನಿಕ ರೈಲ್ವೆಯಲ್ಲಿ ದುಡಿದಿತ್ತು. ಸೈನಿಕರಿಗೆ ಡ್ರೈವರ್, ಫೈರ್‌ಮ್ಯಾನ್ ಕೆಲಸ ಕಲಿಸುವ ಜಾಗ ಅದು, 1969ರ ಅಕ್ಟೋಬರ್ 31ಕ್ಕೆ ಮುಚ್ಚಿತು. ಬ್ರಸೆಲ್ಸನ್ನು ಕಲ್ಲಿದ್ದಲಿನ ಬದಲು ಎಣ್ಣೆ ಉರಿಸುವ ಹಾಗೆ ಬದಲಾಯಿಸಿದ್ದರು. ಅಪ್ಪ ಬಂದಿದ್ದಾಗ ಅದರ ಫೋಟೋ ತೋರಿಸಿದೆ. ಎಣ್ಣೆ ಇಂಜಿನ್ ಅಂದಿದ್ದಕ್ಕೆ "ಹಂಗಾದ್ರೆ ಫೈರ್‌ಮ್ಯಾನ್ ಏನ್ ಮಾಡ್ತಿದ್ದ, ನಿದ್ದೆನಾ?" ಅಂದರು. ಆಮೇಲೆ ನಮ್ಮ ಶೆಡ್ಡಿಗೆ ಬಂದು, ನಮ್ಮ ಕಪ್ಪು ಇಂಜಿನ್ನಿನ ಕೊಂಡಿಯನ್ನು ಕೈಯಲ್ಲಿ ಎತ್ತಿ ನೋಡಿ, ಭಾರ ತೂಗಿ ಕೆಳಗಿಟ್ಟರು. ನಂಬರ್ ಕಡೆ ತಿರುಗಿಯೂ ನೋಡಲಿಲ್ಲ.

ನಮ್ಮ ಇಂಜಿನ್ನಿನ ಫ್ರೇಮ್ ನಂಬರ್ ಇನ್ನೂ ಸಿಕ್ಕಿಲ್ಲ. ಫ್ರೇಮಿನ ಒಳಮೈ ಕಾಣಬೇಕಾದರೆ ಬಾಯ್ಲರ್ ಎತ್ತಬೇಕು. ಇಲ್ಲಿ ಹತ್ತು ವರ್ಷಕ್ಕೊಮ್ಮೆ ಬಾಯ್ಲರ್ ಇಳಿಸಿ ಪೂರ್ತಿ ಪರೀಕ್ಷೆ ಮಾಡುತ್ತಾರೆ. ನಿಮ್ಮ ಕಡೆಯ ಇಂಜಿನ್ನಿಗೂ ಆ ಸರದಿ ಯಾವಾಗ ಅಂತ ಮೊದಲೇ ಕೇಳಿಟ್ಟುಕೊಳ್ಳಿ, ಆ ಸಮಯ ತಪ್ಪಿದರೆ ಮತ್ತೆ ಹತ್ತು ವರ್ಷ. ನಮ್ಮದಕ್ಕೆ ಬರುವ ಮಾರ್ಚಿನಲ್ಲಿ ಕ್ರೇನ್ ಹೇಳಿದ್ದಾರೆ. ಅಲ್ಲಿಯವರೆಗೆ ಬೋರ್ಡಿನಲ್ಲಿ ನಾನು ಬರೆಸಿರುವುದು ಇಷ್ಟು: "ಆಸ್ಟೆರಿಟಿ ಶಂಟಿಂಗ್ ಇಂಜಿನ್. ಎಡ ರಾಡು ಒಂದು ಇಂಜಿನ್ನಿನದು, ಬಲ ರಾಡು ಇನ್ನೊಂದರದು, ರೆಗ್ಯುಲೇಟರ್ ಹಿಡಿ ಮೂರನೆಯದರದು. ಬಂಕರ್ ಮೇಲಿನ ನಂಬರ್ ಯಾರದ್ದೂ ಅಲ್ಲ."